ಹಣೆಪಟ್ಟಿ ಹೊತ್ತವರ ಹಳೆಯ ಮೋಟಾರು

ಸೀಮೆಗೊಂದು ಗುಣವನ್ನು ಹಂಚಿಕೊಟ್ಟು ನಿಶ್ಚಿಂತರಾಗಿರುವುದು ಮನುಷ್ಯರ ಹಳೆಯ ಚಾಳಿ. ಧಾರವಾಡದ ಕಡೆಯವರದು ಒರಟು ಮಾತು, ಮೈಸೂರಿನವರದು ತುಟಿಯ ಮೇಲಿನ ನಯ, ಕರಾವಳಿಯವರದು ಲೆಕ್ಕಾಚಾರ ಎಂದು ನಾವು ಕನ್ನಡಿಗರು ಕನ್ನಡಿಗರನ್ನೇ ಕಪಾಟಿನ ಖಾನೆಗಳಲ್ಲಿ ಜೋಡಿಸಿಟ್ಟಿದ್ದೇವೆ. ನಾಟಕದ ಹಾಸ್ಯಪಾತ್ರಕ್ಕೆ ಇದು ಸುಲಭದ ಬಂಡವಾಳ. ಪಾತ್ರಧಾರಿ ಬಾಯಿ ತೆರೆಯುವುದಕ್ಕೆ ಮೊದಲೇ ಸಭೆ ನಗುತ್ತದೆ. ಆದರೆ ಇದೇ ಹಣೆಪಟ್ಟಿಯನ್ನು ಹಸಿದು ಬಂದ ಜನರ ಮೇಲೆ ಅಂಟಿಸಿದಾಗ ಏನಾಗುತ್ತದೆ? ಆಗ ಕಾದಂಬರಿಕಾರನು ಮಾಡಬಹುದಾದದ್ದು ಏನು? ಈ ಪ್ರಶ್ನೆಗೆ ನಾನು ಓದಿರುವ ಪುಸ್ತಕಗಳಲ್ಲಿ ಬಹು ಬಲವಾದ ಉತ್ತರ ಜಾನ್ ಸ್ಟೈನ್‌ಬೆಕ್ಕನ ‘ದ ಗ್ರೇಪ್ಸ್ ಆಫ್ ರಾತ್’ನಲ್ಲಿದೆ. ವಿಚಿತ್ರವೆಂದರೆ, ಆ ಉತ್ತರ ಅಡಗಿರುವುದು ಒಂದು ಹಳೆಯ ಮೋಟಾರಿನ ಬಾನೆಟ್ಟಿನ ಕೆಳಗೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ೧೯೩೦ರ ದಶಕದಲ್ಲಿ ಬೆಳೆಗೆ ಬೆಲೆಯಿಲ್ಲದೆ, ಮಳೆಯಿಲ್ಲದೆ, ಹಲವು ಮನೆಗಳವರು ಕೂಡಿ ಮಾಡುತ್ತಿದ್ದ ಬೇಸಾಯವನ್ನು ಒಂದೇ ಟ್ರ್ಯಾಕ್ಟರು ಮಾಡತೊಡಗಿದಾಗ, ಒಕ್ಲಹೋಮಾ ಮತ್ತು ನೆರೆಯ ಸಂಸ್ಥಾನಗಳ ಗೇಣಿದಾರರು ಹಾಸಿಗೆ ಪಾತ್ರೆಗಳನ್ನು ಹಳೆಯ ಗಾಡಿಗಳ ಮೇಲೆ ಹೇರಿಕೊಂಡು ೬೬ನೆಯ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಕ್ಕೆ ಹೊರಟರು. ಅಲ್ಲಿ ಅವರಿಗೆ ‘ಓಕಿ’ ಎಂಬ ಹೆಸರು ಕಾದಿತ್ತು. ಟೆಕ್ಸಸಿನಿಂದ ಬಂದವನೂ ಓಕಿ, ಆರ್ಕನ್‌ಸಾಸಿನಿಂದ ಬಂದವನೂ ಓಕಿ. ಊರನ್ನು ಸೂಚಿಸುವ ಮಾತು ಬೈಗುಳವಾಗುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ೧೯೩೬ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೋಲೀಸರು ತಮ್ಮ ನಗರದ ಎಲ್ಲೆಯನ್ನು ಬಿಟ್ಟು ಸಂಸ್ಥಾನದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದೆ ಬಂದವರನ್ನು ಹಿಂದಕ್ಕಟ್ಟಿದರು. ಬಡವನನ್ನು ಸಂಸ್ಥಾನದೊಳಕ್ಕೆ ಕರೆತರುವುದೇ ಅಪರಾಧವೆಂಬ ಕಾಯಿದೆಯೂ ಇತ್ತು. ಎಡ್ವರ್ಡ್ಸ್ ಎಂಬಾತನು ಟೆಕ್ಸಸಿಗೆ ಹೋಗಿ ತನ್ನ ಹೆಂಡತಿಯ ತಮ್ಮನನ್ನು ಹಳೆಯ ಮೋಟಾರಿನಲ್ಲಿ ಕೂರಿಸಿಕೊಂಡು ಬಂದದ್ದಕ್ಕೆ ಶಿಕ್ಷೆಗೆ ಗುರಿಯಾದನು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ೧೯೪೧ರಲ್ಲಿ ತಳ್ಳಿಹಾಕಿತು. ಭಾವಮೈದುನನನ್ನು ಗಾಡಿ ಹತ್ತಿಸಿಕೊಳ್ಳುವುದು ತಪ್ಪಲ್ಲವೆಂದು ಹೇಳಿಸಿಕೊಳ್ಳಲು ಅಷ್ಟು ದೊಡ್ಡ ನ್ಯಾಯಪೀಠದ ಮೆಟ್ಟಿಲು ಹತ್ತಬೇಕಾಯಿತು!

೧೯೩೯ರಲ್ಲಿ ಬಂದ ಈ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಕಥೆಯೇ ಇಲ್ಲ. ಹಳೆಯ ಮೋಟಾರುಗಳನ್ನು ಮಾರುವವನೊಬ್ಬನ ಮನಸ್ಸಿನ ಮಾತುಗಳು ಮಾತ್ರ ಪಟಪಟನೆ ಸಿಡಿಯುತ್ತವೆ. ಸವೆದ ಗೇರುಗಳ ಗೊರಗೊರ ಸದ್ದು ಕೇಳಿಸದ ಹಾಗೆ ಅವನು ಮರದ ಹೊಟ್ಟು ತುಂಬುತ್ತಾನೆ, ಒಳ್ಳೆಯ ಬ್ಯಾಟರಿ ಕಿತ್ತು ಒಡಕು ಬ್ಯಾಟರಿ ಇಡುತ್ತಾನೆ. ಅವನ ಕಣ್ಣಿಗೆ ಕೊಳ್ಳಲು ಬಂದ ರೈತರೆಲ್ಲ ಒಂದೇ ಮುಖದವರು: ಹಳ್ಳಿಗರು, ಮುಗ್ಧರು, ಬೇಗ ಹೊರಡಬೇಕಾದವರು. ಸೀಮೆಯ ಪಡಿಯಚ್ಚು ವ್ಯಾಪಾರಕ್ಕೆ ಹೇಗೆ ಒದಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಟಗಳನ್ನು ನಾನು ಕಾಣೆ.

ಇದಾದ ಮೇಲೆ ಜೋಡ್ ಮನೆತನದವರು ಕೊಂಡ ಗಾಡಿ ನಮ್ಮೆದುರು ಬರುತ್ತದೆ. ಅದು ಹಡ್ಸನ್ ಸೂಪರ್ ಸಿಕ್ಸ್ ಕಾರು. ಮಾಡನ್ನು ಉಳಿಯಿಂದ ಕತ್ತರಿಸಿ, ಹಿಂದೆ ಹಲಗೆ ಕಟ್ಟಿ ಲಾರಿ ಮಾಡಿದ್ದಾರೆ. ಅದನ್ನು ಆರಿಸಿದವನು ಮನೆಯ ೧೬ ವರ್ಷದ ಹುಡುಗ ಅಲ್. ಈ ಹುಡುಗನನ್ನು ಸ್ಟೈನ್‌ಬೆಕ್ಕನು ಮೊದಲು ಪರಿಚಯಿಸುವುದು ಪಡಿಯಚ್ಚಿನ ಪ್ರಕಾರವೇ. ಕೂದಲು ತೀಡಿಕೊಂಡು, ಹುಡುಗಿಯರ ಹಿಂದೆ ಅಲೆಯುತ್ತ, ಅಣ್ಣ ಜೈಲಿಗೆ ಹೋಗಿ ಬಂದವನೆಂದು ಹೆಮ್ಮೆಪಡುವ ಪಡ್ಡೆ ಅವನು. ಆದರೆ ಅಣ್ಣ ಟಾಮ್ ಗಾಡಿಯ ಬಗ್ಗೆ ಕೇಳಿದಾಗ ಅದೇ ಹುಡುಗ ಬೇರೆಯೇ ಮನುಷ್ಯನಾಗುತ್ತಾನೆ. ಮಾರುವವನ ಬಣ್ಣದ ಮಾತನ್ನು ತಾನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದೂ, ಬೆರಳು ತೂರಿಸಿ ಮರದ ಹೊಟ್ಟಿಲ್ಲವೆಂದು ಖಚಿತಮಾಡಿಕೊಂಡೆನೆಂದೂ, ಗಾಡಿಯ ಅಡಿ ನುಸುಳಿ ಚೌಕಟ್ಟು ನೋಡಿದೆನೆಂದೂ, ಒಡೆದ ಬ್ಯಾಟರಿಯನ್ನು ಬದಲಾಯಿಸಿಕೊಂಡೆನೆಂದೂ ಹೇಳುತ್ತಾನೆ. ಈ ಗಾಡಿಯನ್ನೇ ಏಕೆ ಆರಿಸಿದೆ? ಏಕೆಂದರೆ ಇದು ಬಹಳ ಜನ ಕೊಂಡಿದ್ದ ಗಾಡಿ. ದಾರಿಯ ಗುಜರಿ ಅಂಗಡಿಗಳಲ್ಲೆಲ್ಲ ಇದರ ಬಿಡಿಭಾಗ ಅಗ್ಗವಾಗಿ ದೊರೆಯುತ್ತದೆ.

ಓದುಗರು ಗಮನಿಸಬೇಕು: ಮೂರು ಅಧ್ಯಾಯ ಹಿಂದೆ ಆ ಮಾರಾಟಗಾರನು ಹೂಡಿದ ಒಂದೊಂದು ಮೋಸಕ್ಕೂ ಈ ಹಳ್ಳಿ ಹುಡುಗನ ಬಳಿ ಉತ್ತರವಿದೆ. ಕಾದಂಬರಿಕಾರನು ‘ಒಕ್ಲಹೋಮಾದವರು ದಡ್ಡರಲ್ಲ’ ಎಂದು ಎಲ್ಲಿಯೂ ವಾದಿಸುವುದಿಲ್ಲ. ಒಂದು ಬೆರಳನ್ನು ಗೇರಿನ ಪೆಟ್ಟಿಗೆಯೊಳಗೆ ತೂರಿಸುತ್ತಾನೆ, ಅಷ್ಟೆ. ಅದೇ ಸಂಜೆ ಮನೆಯ ಹಿರಿಯರು ಗಾಡಿಯ ಪಕ್ಕದಲ್ಲಿ ಸಭೆ ಸೇರಿದಾಗ ಈ ಹುಡುಗನಿಗೂ ಮಾತಿನ ಹಕ್ಕು ದೊರೆಯುತ್ತದೆ. ಬಿಟ್ಟುಹೋಗುವ ಮನೆಯ ಒಲೆಗೆ ಇದ್ದ ಸ್ಥಾನ ಈಗ ಗಾಡಿಗೆ ಬಂದಿದೆ.

ಮುಂದೆ ನ್ಯೂ ಮೆಕ್ಸಿಕೋದಲ್ಲಿ, ಜೊತೆಗೂಡಿದ ವಿಲ್ಸನ್ ದಂಪತಿಗಳ ಡಾಜ್ ಗಾಡಿಯ ಬೇರಿಂಗು ಸುಟ್ಟುಹೋಗುತ್ತದೆ. ಆಗ ಚಾಲಕನ ಪೀಠದಲ್ಲಿದ್ದವನು ಅಲ್. ತಪ್ಪು ತನ್ನ ತಲೆಗೆ ಬರುವುದೆಂಬ ಹೆದರಿಕೆಯಲ್ಲಿ ಅವನು ಯಾರೂ ಏನೂ ಅನ್ನುವುದಕ್ಕೆ ಮೊದಲೇ ಸಿಡುಕುತ್ತಾನೆ. ಟಾಮ್ ಅವನನ್ನು ಸಮಾಧಾನಪಡಿಸಿ, ಗುಜರಿ ಅಂಗಡಿಯಲ್ಲಿ ಬೇಕಾದ ಭಾಗವನ್ನು ಹುಡುಕಿ ತಂದು, ಬೆಳಕು ಸಾಲದ ರಾತ್ರಿಯಲ್ಲಿ ಇಬ್ಬರೂ ಕೂಡಿ ಜೋಡಿಸುತ್ತಾರೆ. ಇಷ್ಟು ಪುಟಗಳನ್ನು ಒಂದು ಬೇರಿಂಗಿಗೆ ಕೊಡಬೇಕೆ ಎಂದು ಕೇಳುವವರು ಇರಬಹುದು. ಕೊಡಬೇಕೆಂದು ನಾನೆನ್ನುತ್ತೇನೆ. ಅಭಿಮಾನ, ಅಂಜಿಕೆ, ಕೈಚಳಕ, ಅಣ್ಣತಮ್ಮಂದಿರ ಸಲಿಗೆ ಇವೆಲ್ಲ ಒಂದೇ ಕೆಲಸದಲ್ಲಿ ಹೊಮ್ಮುವಂತೆ ಬರೆಯುವುದು ಸಾಮಾನ್ಯ ಶಕ್ತಿಯಲ್ಲ. ಒಂದೇ ಹಣೆಪಟ್ಟಿಯ ಅಡಿ ಇಷ್ಟೆಲ್ಲ ಹಿಡಿಯುವುದೂ ಇಲ್ಲ.

ಇದಕ್ಕೆ ಎದುರಾಗಿ ಹದಿನೆಂಟನೆಯ ಅಧ್ಯಾಯದ ಪೆಟ್ರೋಲು ಅಂಗಡಿಯ ಪ್ರಸಂಗವನ್ನು ಇಡಬೇಕು. ಕ್ಯಾಲಿಫೋರ್ನಿಯದ ಗಡಿಯೂರು ನೀಡಲ್ಸಿನಲ್ಲಿ ಜೋಡ್ ಮನೆಯವರು ಪೆಟ್ರೋಲು ಹಾಕಿಸಿಕೊಂಡು ಮರುಭೂಮಿ ದಾಟಲು ಹೊರಡುತ್ತಾರೆ. ಅಂಗಡಿಯ ಇಬ್ಬರು ಹುಡುಗರು ಹಿಂದಿನಿಂದ ನೋಡುತ್ತಾರೆ. ಇಂಥ ಡಕೋಟಾ ಗಾಡಿಯಲ್ಲಿ ಮರುಭೂಮಿಗೆ ಇಳಿಯಲು ತನಗಂತೂ ಧೈರ್ಯ ಬಾರದೆಂದು ಒಬ್ಬ ಹೇಳಿದರೆ, ಆ ಓಕಿಗಳಿಗೆ ಬುದ್ಧಿಯೂ ಇಲ್ಲ, ಭಾವನೆಯೂ ಇಲ್ಲ, ಮನುಷ್ಯರಾಗಿದ್ದರೆ ಹಾಗೆ ಬದುಕುತ್ತಿದ್ದರೆ ಎಂದು ಇನ್ನೊಬ್ಬ ತೀರ್ಮಾನ ಕೊಡುತ್ತಾನೆ. ಆ ಮಾತಾಡಿದವರೂ ಗಾಡಿಗಳ ನಡುವೆ ದುಡಿಯುವ ಹುಡುಗರೇ. ಅಲ್‌ಗೂ ಅವರಿಗೂ ಮಾತನಾಡಲು ಎಷ್ಟೊಂದು ವಿಷಯವಿತ್ತು! ಅವರು ಗಾಡಿಯನ್ನು ಹೊರಗಿನಿಂದ ನೋಡಿದರು. ನಾವು ನೂರಾರು ಪುಟ ಅದರೊಳಗೆ ಕುಳಿತು ಬಂದಿದ್ದೇವೆ.

ಸ್ಟೈನ್‌ಬೆಕ್ಕನೇ ಕ್ಯಾಲಿಫೋರ್ನಿಯದವನು, ೧೯೦೨ರಲ್ಲಿ ಸಲೀನಾಸಿನಲ್ಲಿ ಹುಟ್ಟಿದವನು. ಹಣೆಪಟ್ಟಿ ಅಂಟಿಸಿದವರ ಊರಿನವನು. ಅವನಿಗೆ ಇಂಥ ಕಥನಶಕ್ತಿ ಬಂದದ್ದೆಲ್ಲಿಂದ? ಬಹುಭಾಗ ಅವನ ಯೌವನದ ಮೋಟಾರುಗಳಿಂದಲೇ ಎಂದು ನನ್ನ ಊಹೆ. ‘ಇಟ್’ ಎಂದು ಹೆಸರಿಟ್ಟ ತನ್ನ ಹಳೆಯ ಫೋರ್ಡ್ ಮಾಡೆಲ್ ಟಿ ಗಾಡಿಯ ಬಗ್ಗೆ ಅವನು ೧೯೫೩ರಲ್ಲಿ ಒಂದು ಸೊಗಸಾದ ಹರಟೆ ಬರೆದನು. ೧೯೪೫ರ ‘ಕ್ಯಾನರಿ ರೋ’ ಕಾದಂಬರಿಯಲ್ಲಿ ಪೋಲಿ ಗೆಳೆಯರ ಗುಂಪೊಂದು ಮಾಡೆಲ್ ಟಿ ಲಾರಿಯನ್ನು ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತದೆ. ಓದುಗನಿಗೆ ಇದು ಬರಿಯ ನಗೆಚಾಟಿಕೆಯಂತೆ ತೋರಬಹುದು. ಆದರೆ ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿ ತಯಾರಾದ ಆ ಗಾಡಿಯಲ್ಲಿ ಹಿಂದೆ ಹೋಗುವ ಗೇರಿಗೇ ಹೆಚ್ಚು ಬಲ. ಪೆಟ್ರೋಲು ಟ್ಯಾಂಕಿನಿಂದ ತಾನಾಗಿಯೇ ಇಳಿದು ಬರಬೇಕಾದ್ದರಿಂದ ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನು ನಿಂತುಹೋಗುವುದು. ಹೊರಗಿನವರಿಗೆ ಹುಚ್ಚಾಟವಾಗಿ ಕಂಡದ್ದು ಬಲ್ಲವರಿಗೆ ಉಪಾಯ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಕ್ಯಾಲಿಫೋರ್ನಿಯದ ಕರ್ನ್ ಕೌಂಟಿ ೧೯೩೯ರಲ್ಲಿಯೇ ಈ ಪುಸ್ತಕವನ್ನು ತನ್ನ ಶಾಲೆ, ಗ್ರಂಥಾಲಯಗಳಿಂದ ಹೊರಹಾಕಿತು, ಅದು ನಿರೀಕ್ಷಿತ. ಆದರೆ ಒಕ್ಲಹೋಮಾದವರಿಗೂ ಕೋಪ ಬಂತು. ಅಲ್ಲಿನ ಪ್ರತಿನಿಧಿ ಲೈಲ್ ಬೋರನ್ ೧೯೪೦ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಆ ಖಂಡನೆಯಲ್ಲಿ ಹುಸಿ ಮಾನದ ಅಂಶ ಬಹಳವಿದ್ದರೂ ಅವರ ನೋವಿಗೆ ಒಂದು ಆಧಾರವಿತ್ತು. ಜೋಡರ ಊರೆಂದು ಸ್ಟೈನ್‌ಬೆಕ್ಕನು ಆರಿಸಿದ ಸ್ಯಾಲಿಸಾ ಒಕ್ಲಹೋಮಾದ ಪೂರ್ವದ ಅಂಚಿನಲ್ಲಿದೆ. ಧೂಳಿನ ಬಿರುಗಾಳಿಗಳ ನಿಜವಾದ ನೆಲೆ ಪಶ್ಚಿಮದ ತುದಿಯಲ್ಲಿ, ನೂರಾರು ಮೈಲಿ ದೂರ. ವಲಸೆ ಬಂದವರಲ್ಲಿ ಪಟ್ಟಣದವರೂ, ಬೇರೆ ಕಸುಬಿನವರೂ ಬಹು ಮಂದಿಯಿದ್ದರೆಂದು ೧೯೮೯ರಲ್ಲಿ ಇತಿಹಾಸಕಾರ ಜೇಮ್ಸ್ ಗ್ರೆಗರಿ ವಿವರವಾಗಿ ತೋರಿಸಿದ್ದಾನೆ. ಕಾದಂಬರಿ ಹಳೆಯ ಅಚ್ಚನ್ನು ಒಡೆದು, ಜಗತ್ತಿಗೆಲ್ಲ ಇನ್ನೊಂದು ಅಚ್ಚನ್ನು ಕೊಟ್ಟಿತು. ಒಕ್ಲಹೋಮಾ ಎಂದರೆ ಇಂದಿಗೂ ಹಾಸಿಗೆ ಹೇರಿದ ಲಾರಿಯೊಂದು ಕಣ್ಣಿಗೆ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ೧೯೩೬ರಲ್ಲಿ ಪತ್ರಿಕೆಗೆ ಬರೆದ ‘ದ ಹಾರ್ವೆಸ್ಟ್ ಜಿಪ್ಸೀಸ್’ ಲೇಖನಗಳಲ್ಲಿ ಸ್ಟೈನ್‌ಬೆಕ್ಕನು, ಹಿಂದೆ ಈ ಹೊಲಗಳಲ್ಲಿ ದುಡಿದ ಮೆಕ್ಸಿಕೋ, ಫಿಲಿಪೀನ್ಸ್ ಮೊದಲಾದ ಕಡೆಯವರಂತಲ್ಲ, ಇವರು ನಮ್ಮ ಅಮೆರಿಕದ ಹಳೆಯ ಕುಲದವರು ಎಂಬ ವಾದವನ್ನೂ ಬಳಸಿದನು. ಒಬ್ಬರ ಹಣೆಪಟ್ಟಿ ಕೀಳಲು ಇನ್ನೊಬ್ಬರ ಹಣೆಯ ಮೇಲೆ ಅದನ್ನು ಒತ್ತುವ ಈ ಉಪಾಯವನ್ನು ನಾನು ಒಪ್ಪಲಾರೆ. ಕಾದಂಬರಿಯಲ್ಲಿ ಆ ದನಿ ಹಿಂದೆ ಸರಿದಿದೆ. ಆದರೆ ಆ ದುಡಿಮೆಗಾರರೂ ಹೆಚ್ಚುಕಡಮೆ ಕಾಣೆಯಾಗಿದ್ದಾರೆ.

ಮುಂದೆ ೧೯೬೦ರಲ್ಲಿ, ೫೮ನೆಯ ವಯಸ್ಸಿನಲ್ಲಿ, ಸ್ಟೈನ್‌ಬೆಕ್ಕನು ತನ್ನ ನಾಯಿಯೊಡನೆ ದೇಶ ಸುತ್ತಲು ಹೊರಟನು. ಹೊಚ್ಚಹೊಸ ಜಿ.ಎಂ.ಸಿ. ಲಾರಿ, ಅದರ ಮೇಲೆ ಹಡಗಿನ ಕೋಣೆಯಂಥ ಪುಟ್ಟ ಮನೆ. ಡಾನ್ ಕ್ವಿಕ್ಸೋಟನ ಕುದುರೆಯ ನೆನಪಿಗೆ ಗಾಡಿಗೆ ‘ರೋಸಿನಾಂಟೆ’ ಎಂಬ ಹೆಸರು. ೧೯೬೨ರಲ್ಲಿ ಬಂದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಹಿತವಾದ ಪುಸ್ತಕ. ಸೀಮೆಸೀಮೆಯ ನುಡಿಗಳು ರೇಡಿಯೋ ದೂರದರ್ಶನಗಳಿಂದ ಅಳಿಯುತ್ತಿವೆಯೆಂದು ಅವನು ಮರುಗುವ ಪುಟಗಳು ಕನ್ನಡ ಕಲಿಸುವ ನನ್ನಂಥವನಿಗೆ ಹತ್ತಿರದವು. ಸೀಮೆಗಳ ಭೇದ ಉಳಿಯಬೇಕು, ಹಣೆಪಟ್ಟಿ ಹೋಗಬೇಕು. ಇದು ಸುಲಭದ ಬಯಕೆಯಲ್ಲ. ಆದರೆ ನ್ಯೂ ಇಂಗ್ಲೆಂಡಿನವರು ಮಿತಭಾಷಿಗಳು, ಟೆಕ್ಸಸಿನವರು ಜಂಬದವರು ಎಂಬ ಸಿದ್ಧ ಅಚ್ಚುಗಳೇ ಇಲ್ಲಿ ಮತ್ತೆಮತ್ತೆ ತಲೆಹಾಕುತ್ತವೆ. ಕೆಲವು ಸಂಭಾಷಣೆಗಳು ಕಲ್ಪಿತವೆಂಬ ವಾದವೂ ಈಚೆಗೆ ಬಂದಿದೆ. ಕೆಟ್ಟು ನಿಲ್ಲದ ಗಾಡಿಯಲ್ಲಿ ಹೋದವನಿಗೆ ದಾರಿಯ ಜನರ ಕೈ ಬೇಕಾಗುವುದೇ ಅಪರೂಪ. ಆದ್ದರಿಂದ ಆ ಕೈಗಳನ್ನು ಕಾಣುವುದೂ ಅಪರೂಪವೇ.

‘ದ ಗ್ರೇಪ್ಸ್ ಆಫ್ ರಾತ್’ ಜೊತೆಯಲ್ಲಿಯೇ ಓದಬೇಕಾದ ಪುಸ್ತಕ ಇನ್ನೊಂದಿದೆ. ಸನೋರಾ ಬ್ಯಾಬ್ ಒಕ್ಲಹೋಮಾದ ಮಗಳು. ವಲಸೆಗಾರರ ಶಿಬಿರಗಳಲ್ಲಿ ಆಕೆ ಸೇವೆಮಾಡುತ್ತ ಬರೆದಿಟ್ಟ ಟಿಪ್ಪಣಿಗಳು ಶಿಬಿರದ ಅಧಿಕಾರಿ ಟಾಮ್ ಕಾಲಿನ್ಸನ ಮೂಲಕ ಸ್ಟೈನ್‌ಬೆಕ್ಕನ ಕೈಗೂ ಸೇರಿದ್ದವು. ಬಿರುಗಾಳಿಯ ನಿಜವಾದ ಸೀಮೆಯ ಜನರನ್ನು ಕುರಿತು ಆಕೆ ಬರೆದ ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಕಾದಂಬರಿಯನ್ನು ೧೯೩೯ರಲ್ಲಿ ಪ್ರಕಾಶಕರು ಬದಿಗಿಟ್ಟರು. ಅದೇ ವಿಷಯದ ಒಂದು ಪುಸ್ತಕ ಆಗಲೇ ಪೇಟೆಯನ್ನು ತುಂಬಿತ್ತು. ಒಳಗಿನವಳ ಕಾದಂಬರಿ ಅಚ್ಚಾದದ್ದು ೨೦೦೪ರಲ್ಲಿ. ಮರುವರ್ಷದ ಕೊನೆಯ ದಿನ, ೯೮ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.