ಸಂದರ್ಶನದಲ್ಲಿ ಅಳೆಯುವುದು ಏನನ್ನು?

ಗದಗ ಸಮೀಪದ ಕುರ್ತಕೋಟಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಪಿಎಚ್.ಡಿ. ಸಂದರ್ಶನಕ್ಕೆ ಹೋಗಿದ್ದಾಳೆಂದು ಭಾವಿಸಿ. ಪ್ರಶ್ನೆ: ಗಾಳಿಯ ವೇಗ ಇಮ್ಮಡಿಯಾದರೆ ಗಾಳಿಯಂತ್ರಕ್ಕೆ ದೊರೆಯುವ ಸಾಮರ್ಥ್ಯ ಎಷ್ಟಾಗುತ್ತದೆ? ತನ್ನ ಜಿಲ್ಲೆಯ ಗಾಳಿಯಂತ್ರಗಳನ್ನು ಆಕೆ ನೋಡಿದ್ದಾಳೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರತಿ ಸೆಕೆಂಡಿಗೆ ಹಾಯುವ ಗಾಳಿಯ ದ್ರವ್ಯರಾಶಿಯು ವೇಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಉತ್ತರ 8 ಪಟ್ಟು. ಆಕೆ ಇದನ್ನು ಬಲ್ಲಳು. ಇಂಗ್ಲಿಷಿನಲ್ಲಿ ಹೇಳಲು ತಡವರಿಸುತ್ತಾಳೆ. ಆ ತಡವರಿಕೆಯನ್ನು ಅಜ್ಞಾನವೆಂದು ಬಗೆದರೆ ತಪ್ಪು ಅಳತೆಗೋಲಿನದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಗೇಟ್, ಜೆಸ್ಟ್, ನೆಟ್ ಪರೀಕ್ಷೆಗಳು ಸಂದರ್ಶನದ ಬಾಗಿಲವರೆಗೆ ಕರೆದೊಯ್ಯುತ್ತವೆ, ಅಷ್ಟೆ. ವಿಶ್ವವಿದ್ಯಾಲಯಗಳು ತಾವೇ ನಡೆಸುವ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಎಂದು ಯುಜಿಸಿಯ 2022ರ ನಿಯಮಾವಳಿ ಹೇಳುತ್ತದೆ. ಈ 30ರಲ್ಲಿ ತಿಳಿವಳಿಕೆಗೆಷ್ಟು, ಮಾತಿನ ಓಘಕ್ಕೆಷ್ಟು ಎಂಬುದನ್ನು ಸಮಿತಿಗಳು ಬೇರ್ಪಡಿಸಿ ನೋಡಬೇಕು. ಸೀಮೆಸುಣ್ಣ ಕೊಟ್ಟು ಚಿತ್ರ, ಸಮೀಕರಣ ಬರೆಯಲು ಬಿಟ್ಟರೆ ಅರ್ಧ ತೊಡಕು ನೀಗುತ್ತದೆ.

ದೋಷ ನಮ್ಮ ತರಗತಿಗಳಲ್ಲೂ ಇದೆ. ಸಂದರ್ಶನದಲ್ಲಿ ಹೆಚ್ಚಾಗಿ ಕೇಳುವುದು ಬಿ.ಎಸ್ಸಿ.ಯ ಮೂಲತತ್ತ್ವಗಳನ್ನೇ. ನಾವು ನೋಟ್ಸ್ ಬರೆಸುತ್ತೇವೆ, ಮಾತನಾಡಿಸುವುದಿಲ್ಲ. ಶಿಕ್ಷಕರೇ, ವಾರಕ್ಕೊಂದು ತಾಸು ವಿದ್ಯಾರ್ಥಿಗಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ‘ಯಾಕೆ?’ ಎಂದು ಕೇಳಿ. ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಹೇಳಿಸಿ. ವಿದ್ಯಾರ್ಥಿಗಳೇ, ಅರ್ಜಿಯಲ್ಲಿ ನಿಮ್ಮ ಪ್ರಾಜೆಕ್ಟಿನ ಬಗ್ಗೆ ಬರೆದ ಪ್ರತಿ ವಾಕ್ಯವನ್ನೂ ವಿವರಿಸಬಲ್ಲಿರಾ, ನೋಡಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಆದರೆ ಅಲ್ಲಿಗೇ ನಿಲ್ಲದೆ, ಗೊತ್ತಿರುವಲ್ಲಿಂದ ಯೋಚನೆ ಆರಂಭಿಸಿ. ಸಂಶೋಧನೆಯೂ ಹಾಗೆಯೇ ನಡೆಯುತ್ತದೆ.