ಅನ್ನಪಾನನಿರೋಧ ಮತ್ತು ದುಡಿಮೆಯ ಹಂಚಿಕೆ: ಒಂದು ವಿಮರ್ಶೆ

ಉದ್ಯಮದಲ್ಲಿ ಕೆಲಸ ತಗ್ಗಿದಾಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಕೆಲವರನ್ನು ಮನೆಗೆ ಕಳುಹಿಸಿ ಉಳಿದವರಿಂದ ಪೂರ್ಣ ದುಡಿಮೆ ಪಡೆಯುವುದು ಒಂದು. ಎಲ್ಲರನ್ನೂ ಉಳಿಸಿಕೊಂಡು, ಇರುವಷ್ಟು ಕೆಲಸವನ್ನು ಎಲ್ಲರಿಗೂ ಹಂಚುವುದು ಇನ್ನೊಂದು. ಮೊದಲನೆಯದನ್ನು ವ್ಯವಹಾರಜ್ಞಾನವೆಂದೂ ಎರಡನೆಯದನ್ನು ಕೇವಲ ದಯೆಯೆಂದೂ ಕರೆಯುವ ವಾಡಿಕೆ ವ್ಯಾಪಾರಸ್ಥರಲ್ಲಿದೆ. ಈ ವಾಡಿಕೆ ಲೆಕ್ಕದ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ಎಷ್ಟು ಸರಿ ಎಂಬುದು ವಿಚಾರಾರ್ಹವಾಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು; 2013ರಲ್ಲಿ ಸುಂಕ ಪುನಃ ಶೇಕಡಾ 15ಕ್ಕೆ ಏರಿತು. ಚನ್ನಪಟ್ಟಣದ ಬೊಂಬೆ ಕಸುಬು ಅಗ್ಗದ ಚೀನೀ ಆಟಿಕೆಗಳ ಎದುರು ಬಹುಕಾಲ ಸೊರಗಿತ್ತು. ಆಟಿಕೆಗಳ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿದ್ದು 2020ರಲ್ಲಿ. ಅದೇ ವರ್ಷ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾಗಿ ಮದುವೆಗಳು ಮುಂದಕ್ಕೆ ಹೋದವು, ಸೀರೆ ಅಂಗಡಿಗಳು ಮುಚ್ಚಿದವು. ಸೀರೆ ಬಿಕರಿಯಾಗದಿದ್ದರೆ ನೇಕಾರನಿಗೆ ನೂಲು ಬೇಡ. ನೂಲು ಬೇಡವಾದರೆ ಬೇಸಿನ್ನಿನ ಮುಂದೆ ಕುಳಿತು ಬಿಸಿನೀರಿನಲ್ಲಿ ಎಳೆ ಹುಡುಕುವ ಹೆಂಗಸಿಗೆ ಕೂಲಿಯಿಲ್ಲ. ಆಕೆಯ ಮನೆಯವರು ಮಾಲೀಕನಿಂದ ಮುಂಗಡ ಪಡೆದಿದ್ದರಂತೂ ಕೂಲಿ ನಿಂತರೂ ಸಾಲ ನಿಲ್ಲುವುದಿಲ್ಲ.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿಸಿದ ಅಧ್ಯಾಯವು, ಲೇ ಆಫ್‌ಗೆ ಒಳಗಾದ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಗಳ ಅರ್ಧ ಭಾಗವನ್ನು ಪರಿಹಾರವಾಗಿ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದೇ ತತ್ತ್ವ ಮುಂದುವರಿದಿದೆ. ಆದರೆ 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕಗಳಿಗೆ ಇದು ಅನ್ವಯಿಸುವುದಿಲ್ಲ. ಚರಕ ಮತ್ತು ಕಾಟೇಜ್ ಬೇಸಿನ್ ಘಟಕಗಳೂ ಬೊಂಬೆ ಕಡೆಯುವ ಮನೆಗಳೂ ಈ ಮಿತಿಯ ಕೆಳಗೇ ಉಳಿಯುತ್ತವೆ. 2020ರ ಮಾರ್ಚ್ 29ರ ಕೇಂದ್ರದ ಆದೇಶವು ಲಾಕ್‌ಡೌನ್ ಕಾಲದ ಕೂಲಿಯನ್ನು ಕಡಿತವಿಲ್ಲದೆ ಕೊಡಬೇಕೆಂದಿತು; ಮೇ ತಿಂಗಳಲ್ಲಿ ಅದು ರದ್ದಾಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ಇತ್ಯರ್ಥ ಮಾಡಿಕೊಳ್ಳಲು ದಾರಿ ತೋರಿತು. ಸಣ್ಣ ಘಟಕದಲ್ಲಿ ಆ ಮಾತುಕತೆಗೆ ಮಾಲೀಕನ ಅಂತಃಕರಣದ ಹೊರತು ಬೇರೆ ಆಧಾರವಿಲ್ಲ.

ಕೆಲವರು ಹೋಗಲೇಬೇಕಾದರೆ ಯಾರು ಹೋಗಬೇಕು ಎಂಬುದಕ್ಕೆ, ಕೊನೆಗೆ ಬಂದವನು ಮೊದಲು ಹೋಗಲಿ ಎಂಬ ನಿಯಮ ರೂಢಿಯಲ್ಲಿದೆ. ಕೆಲಸದಿಂದ ತೆಗೆಯುವ ಸಂದರ್ಭಕ್ಕೆ ನಮ್ಮ ಕಾನೂನೂ ಇದನ್ನು ಒಪ್ಪಿದೆ. ಈ ನಿಯಮವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಲೀಕನು ತನಗಾಗದವರನ್ನು ಆರಿಸಿ ಹೊರಹಾಕದಂತೆಯೂ, ಮುದುಕರಾದ ಕೆಲಸಗಾರರು ಬೀದಿಗೆ ಬೀಳದಂತೆಯೂ ಅದು ಕಾಯುತ್ತದೆ. ಆದರೆ ಇಡೀ ಸಂಸ್ಥೆಯ ನಷ್ಟವನ್ನು ಪಟ್ಟಿಯ ಕೆಳತುದಿಯವರ ತಲೆಗೆ ಕಟ್ಟುವುದು ಅದರ ದೋಷ. ಇದರ ಅತ್ಯಂತ ಕಟ್ಟುನಿಟ್ಟಿನ ರೂಪ ಅಮೆರಿಕೆಯ ವಿಮಾನ ಸಂಸ್ಥೆಗಳಲ್ಲಿ ಕಾಣುತ್ತದೆ. ಅಲ್ಲಿ ಸಂಚಾರ ತಗ್ಗಿದಾಗ ಪೈಲಟ್‌ಗಳನ್ನು ಸೇವಾಜ್ಯೇಷ್ಠತೆಯ ಪಟ್ಟಿಯ ಕೆಳಗಿನಿಂದ ಮೇಲಕ್ಕೆ ವೇತನವಿಲ್ಲದೆ ಮನೆಗೆ ಕಳುಹಿಸುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಸಾವಿರಾರು ಪೈಲಟ್‌ಗಳು ಹೀಗೆ ಕೆಲಸ ಕಳೆದುಕೊಂಡರು. 2020ರಲ್ಲಿ ಅದೇ ದೇಶದ ಡೆಲ್ಟಾ ಸಂಸ್ಥೆಯ ಪೈಲಟ್‌ಗಳು ಬೇರೆ ದಾರಿ ಹಿಡಿದರು. ತಮಗೆ ಖಾತರಿಯಾಗಿದ್ದ ಮಾಸಿಕ ಗಂಟೆಗಳಲ್ಲಿ ಶೇಕಡಾ 5ರವರೆಗೆ ಕಡಿತವನ್ನು ಒಪ್ಪಿ, 1,700ಕ್ಕೂ ಹೆಚ್ಚು ಕಿರಿಯ ಸಹೋದ್ಯೋಗಿಗಳು ಮನೆಗೆ ಹೋಗುವುದನ್ನು 2022ರ ಆರಂಭದವರೆಗೆ ತಡೆದರು. ನಮ್ಮ ಏರ್ ಇಂಡಿಯಾ ಸಂಸ್ಥೆ ಅದೇ ವರ್ಷ ಪ್ರಕಟಿಸಿದ್ದು 6 ತಿಂಗಳಿಂದ 5 ವರ್ಷಗಳವರೆಗಿನ ವೇತನರಹಿತ ರಜೆಯ ಯೋಜನೆಯನ್ನು.

ಹಂಚಿಕೆಯನ್ನು ಕೇವಲ ದಯೆಯೆನ್ನುವವರು ಒಂದು ಸರಳ ಲೆಕ್ಕವನ್ನು ನೋಡಬೇಕು. ಉದಾಹರಣೆಗೆ 12 ಮಂದಿ ವಾರಕ್ಕೆ 6 ದಿನ ದುಡಿಯುವ ಬಿಚ್ಚಾಣಿಕೆ ಘಟಕದಲ್ಲಿ ಕೆಲಸ ಮೂರನೆಯ ಒಂದು ಭಾಗ ತಗ್ಗಿತೆಂದಿರಲಿ. 4 ಮಂದಿಯನ್ನು ಬಿಟ್ಟರೆ 8 ಮಂದಿಯ 48 ದಿನಗಳ ಕೂಲಿ. 12 ಮಂದಿಯೂ 4 ದಿನ ಬಂದರೆ ಅದೇ 48 ದಿನಗಳ ಕೂಲಿ. ಮಾಲೀಕನ ಖಾತೆಯಲ್ಲಿ ಕೂಲಿಯ ಬಾಬ್ತು ಒಂದೇ. ಮೊದಲ ದಾರಿಯಲ್ಲಿ ಒಲೆಗೆ 6 ದಿನವೂ ಸೌದೆ ಬೇಕು. ಎರಡನೆಯದರಲ್ಲಿ 4 ದಿನ ಸಾಕು. ಬೇಡಿಕೆ ಮರಳಿದಾಗ ಕೈಪಳಗಿದವರನ್ನು ಹುಡುಕುತ್ತಾ ಬೆಂಗಳೂರಿನ ತನಕ ಅಲೆಯಬೇಕಾಗಿಲ್ಲ. ಕಾರ್ಮಿಕರ ಪಕ್ಷದಲ್ಲಿಯಾದರೋ ವ್ಯತ್ಯಾಸ ಅಪಾರ: ಒಂದರಲ್ಲಿ 4 ಮನೆಗಳ ಒಲೆ ಪೂರ್ತಿ ಆರುತ್ತದೆ, ಇನ್ನೊಂದರಲ್ಲಿ 12 ಮನೆಗಳ ಊಟ ಕಿರಿದಾಗುತ್ತದೆ.

ಶಾಸ್ತ್ರದ ದೃಷ್ಟಿಯೂ ಇದಕ್ಕೆ ದೂರವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಎರಡನೆಯದನ್ನು ಗೋವು ಮೊದಲಾದವುಗಳ ಹಸಿವು ನೀರಡಿಕೆಗಳ ಮೂಲಕ ವಿವರಿಸುತ್ತದೆ. ಪ್ರವಚನಗಳಲ್ಲಿ ಗೋವಿನ ಉದಾಹರಣೆ ನಿಂತಿತು. ‘ಮೊದಲಾದ’ ಎಂಬುದು ಬಿಟ್ಟುಹೋಯಿತು. ತನ್ನ ಆಶ್ರಯದಲ್ಲಿರುವ ಜೀವಕ್ಕೆ ಆಹಾರ ತಪ್ಪಿಸುವುದು ದೋಷವಾದರೆ, ಹತ್ತು ವರ್ಷ ದುಡಿದ ಕೈಯನ್ನು ಒಂದು ಶನಿವಾರ ಸಂಜೆ ಬರಿಗೈಯಾಗಿ ಕಳುಹಿಸುವುದು ಆ ‘ಮೊದಲಾದ’ದೊಳಗೆ ಏಕೆ ಬರಬಾರದು? ಕೆಲವರನ್ನು ಬಿಟ್ಟು ಅವರ ಕೆಲಸವನ್ನೂ ಉಳಿದವರ ಮೇಲೆ ಹೇರಿದರೆ ಅತಿಭಾರವೂ ಅದೇ ದಿನ ಸಂಭವಿಸುತ್ತದೆ.

ಹಂಚಿಕೆಯ ವಿರುದ್ಧ ಬರುವ ಆಕ್ಷೇಪಗಳಲ್ಲಿ ಒಂದು ಬಹಳ ಗಟ್ಟಿಯಾಗಿದೆ. ಒಳ್ಳೆಯ ವರ್ಷಗಳಲ್ಲಿ ಲಾಭವನ್ನು ಹಂಚದ ಮಾಲೀಕನು ಕೆಟ್ಟ ವರ್ಷದಲ್ಲಿ ನಷ್ಟವನ್ನು ಮಾತ್ರ ಹಂಚಲು ಹೊರಡುವುದು ನ್ಯಾಯವೇ? ನ್ಯಾಯವಲ್ಲ. ಆದ್ದರಿಂದ ಹಂಚಿಕೆಗೆ ನಿಬಂಧನೆಗಳು ಬೇಕು. ಮೊದಲ ಕಡಿತ ಮಾಲೀಕನ ಮನೆಖರ್ಚಿನಲ್ಲಿ ಆಗಬೇಕು. ಖಾತೆಯನ್ನು ಕೆಲಸಗಾರರ ಮುಂದೆ ತೆರೆದಿಡಬೇಕು. ಹಂಚಿಕೆ ಎಂದು ಮುಗಿಯುವುದೆಂದು ಮೊದಲೇ ಹೇಳಬೇಕು. ಆ ಕಾಲದಲ್ಲಿ ಮುಂಗಡದ ಕಂತನ್ನು ಮುರಿದುಕೊಳ್ಳಬಾರದು. ಹಂಚುವಾಗ ಗಂಟೆಗಳಿಗಿಂತ ದಿನಗಳನ್ನು ಹಂಚುವುದು ಲೇಸು. ಕೆಲಸಕ್ಕೆ ಬಂದವನಿಗೆ ಮಾಲೀಕನೇ ಪೂರ್ತಿ ಕೆಲಸ ಕೊಡದಿದ್ದರೂ ದಿನದ ಪೂರ್ಣ ಕನಿಷ್ಠ ಕೂಲಿ ಸಲ್ಲಬೇಕೆಂಬುದು ಕಾನೂನು. ಬಿಡುವಿನ ದಿನ ಬೇರೆಡೆ ದುಡಿಯಲು ಅವನಿಗೂ ಅನುಕೂಲ. ಬೊಂಬೆ ಕಸುಬಿನಂತೆ ನಗದ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಬಂದ ಬೇಡಿಕೆಯನ್ನೇ ಸಮನಾಗಿ ಹಂಚಬಹುದು.

ರೇಷ್ಮೆ ಮತ್ತು ಅರಗಿನ ಕಸುಬುಗಳು ಜೀವಹಿಂಸೆಯ ಸ್ಪರ್ಶವುಳ್ಳವಾದ್ದರಿಂದ ನಿಷ್ಠ ಶ್ರಾವಕನಿಗೆ ವರ್ಜ್ಯ. ಹೀಗಿರುವಾಗ ಈ ಚರ್ಚೆ ಶ್ರಾವಕರಿಗೆ ಏಕೆ ಎಂದು ಕೆಲವರು ಕೇಳಬಹುದು. ಗೂಡಿನೊಳಗಿನ ಹುಳುವಿಗಾಗಿ ಮರುಗುವ ಮನಸ್ಸು ಗೂಡು ಬಿಚ್ಚುವ ಕೈಗಾಗಿ ಮರುಗದಿದ್ದರೆ ಆ ಮರುಕ ಅಪೂರ್ಣವೆಂಬುದೇ ಉತ್ತರ. ಜವಳಿ, ಪಾತ್ರೆ, ದಿನಸಿ, ಯಾವ ಅಂಗಡಿಯಲ್ಲಾದರೂ ಮೂಟೆ ಹೊರುವವರು, ತೂಗುವವರು, ಲೆಕ್ಕ ಬರೆಯುವವರು ಇದ್ದೇ ಇರುತ್ತಾರೆ.

ಬಸದಿ ಮತ್ತು ಮಂದಿರಗಳ ಟ್ರಸ್ಟ್‌ಗಳೂ ಈ ಮಾತಿಗೆ ಹೊರತಲ್ಲ. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ಅರ್ಚಕ, ಅಡುಗೆಯವ, ಕಾವಲುಗಾರ, ಹೂ ಕಟ್ಟುವವಳು ಇವರೆಲ್ಲರ ಮುಂದೆಯೂ ಇದೇ ಪ್ರಶ್ನೆ ನಿಂತಿತ್ತು. ಯಾತ್ರಿಕರಿಗೆ ಆಹಾರದಾನ ಮಾಡುವ ಸಂಸ್ಥೆಯು ಆ ಅಡುಗೆ ಮಾಡಿದವನ ಕೂಲಿಯನ್ನು ನಿಲ್ಲಿಸಿದರೆ ದಾನದ ಪಟ್ಟಿ ಎಷ್ಟು ಉದ್ದವಿದ್ದರೇನು? ಒಳ್ಳೆಯ ವರ್ಷದ ಉಳಿತಾಯದಲ್ಲಿ ಒಂದು ಅಂಶವನ್ನು, ಹೊಸ ಕಟ್ಟಡಕ್ಕೂ ಮೊದಲು, ಸೇವಕವರ್ಗದ ಕಷ್ಟಕಾಲಕ್ಕೆಂದು ಪ್ರತ್ಯೇಕ ಖಾತೆಯಲ್ಲಿ ತೆಗೆದಿರಿಸುವ ನಿರ್ಣಯವನ್ನು ಪ್ರತಿಯೊಂದು ಟ್ರಸ್ಟ್ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ಕೈಗೊಳ್ಳುವುದು ಉಚಿತ. ಅದೇ ನಿರ್ಣಯವನ್ನು ಅಂಗಡಿಯ ಮಾಲೀಕನು ದೀಪಾವಳಿಯ ಲೆಕ್ಕಪೂಜೆಯ ದಿನ ಹೊಸ ಖಾತೆಯ ಮೊದಲ ಪುಟದಲ್ಲಿಯೇ ಬರೆಯಬಹುದು.