ಕಡಲ್ಗಳ್ಳ ರೇಡಿಯೋದ ಹಳಹಳಿಕೆ

2009ರಲ್ಲಿ ಬಂದ ರಿಚರ್ಡ್ ಕರ್ಟಿಸ್ ಅವರ ‘ದಿ ಬೋಟ್ ದಟ್ ರಾಕ್ಡ್’ ಚಿತ್ರ ನೋಡಿದವರಿಗೆ ಅರವತ್ತರ ದಶಕದ ಇಂಗ್ಲೆಂಡಿನ ಮೇಲೆ ಮೋಹ ಹುಟ್ಟದೆ ಇರದು. ದಡದಿಂದ ದೂರ ಲಂಗರು ಹಾಕಿ ನಿಂತ ಹಳೆಯ ಹಡಗು, ಅದರೊಳಗೆ ಹಗಲಿರುಳೂ ರಾಕ್ ಸಂಗೀತ ಬಿತ್ತರಿಸುವ ಪುಂಡರು, ಅದನ್ನು ಮುಚ್ಚಿಸಲು ಹಲ್ಲು ಕಡಿಯುವ ಮಂತ್ರಿ. ಕೊನೆಗೆ ಹಡಗು ಮುಳುಗುವಾಗ ಕೇಳುಗರೇ ದೋಣಿಗಳಲ್ಲಿ ಬಂದು ಅವರನ್ನು ಕಾಪಾಡುತ್ತಾರೆ. ಚಿತ್ರ ನಗಿಸುತ್ತದೆ, ಹಾಡುಗಳೂ ಸೊಗಸಾಗಿವೆ. ಆದರೆ ಹಳಹಳಿಕೆ ಎಂಬುದು ನೆನಪಿನ ಹೆಸರಿನಲ್ಲಿ ಎಷ್ಟೆಲ್ಲವನ್ನು ಮರೆಸಬಲ್ಲದು ಎಂಬುದಕ್ಕೂ ಇದೇ ಚಿತ್ರ ಉದಾಹರಣೆ.

ಆ ಕಾಲದ ಹುಡುಗ ಹುಡುಗಿಯರ ಹಸಿವು ನಿಜವಾದದ್ದು. ಬ್ರಿಟನ್ನಿನ ರೇಡಿಯೋ ಎಂದರೆ ಬಿಬಿಸಿ ಒಂದೇ. ರೆಕಾರ್ಡು ಕಂಪನಿಗಳು ಮತ್ತು ಸಂಗೀತಗಾರರ ಸಂಘದ ಜೊತೆಗಿನ ಒಪ್ಪಂದದಿಂದಾಗಿ ಅಲ್ಲಿ ರೆಕಾರ್ಡು ಹಾಕಲು ಇಂತಿಷ್ಟೇ ತಾಸು ಎಂಬ ಮಿತಿಯಿತ್ತು. 1964ರ ಈಸ್ಟರ್ ಹೊತ್ತಿಗೆ ರೋನನ್ ಒ’ರಾಹಿಲಿ ಎಂಬ ಐರಿಶ್ ತರುಣ ಫೆಲಿಕ್ಸ್‌ಸ್ಟೋ ಎದುರಿಗೆ, ಬ್ರಿಟಿಷ್ ಕಾನೂನು ನಡೆಯುತ್ತಿದ್ದ ಮೂರು ಮೈಲಿಯ ಆಚೆ, ರೇಡಿಯೋ ಕ್ಯಾರೊಲಿನ್ ಆರಂಭಿಸಿದ. ನಮ್ಮ ಹಿರಿಯರಿಗೆ ಈ ಕತೆ ಸುಲಭವಾಗಿ ಅರ್ಥವಾದೀತು. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರವಿಟ್ಟಾಗ ಜನ ಮುಳ್ಳು ತಿರುಗಿಸಿದ್ದು ರೇಡಿಯೋ ಸಿಲೋನಿನ ಕಡೆಗೆ. ಸಾಹಿರ್, ಶಕೀಲರ ಉರ್ದು ಸಮುದ್ರ ದಾಟಿ ಮನೆಗೆ ಬಂತು. ಸಿಲೋನ್ ಮಾತ್ರ ಒಂದು ದೇಶದ ಅಧಿಕೃತ ನಿಲಯವಾಗಿತ್ತು, ಕಳ್ಳ ರೇಡಿಯೋ ಆಗಿರಲಿಲ್ಲ.

ಕರ್ಟಿಸ್ ಅವರ ಹಡಗಿನಲ್ಲಿ ದುಡ್ಡಿನ ವಾಸನೆ ಬಹಳ ಕಡಿಮೆ. ನಿಜದ ಹಡಗುಗಳು ಅಪ್ಪಟ ವ್ಯಾಪಾರದವು. 1964ರ ಡಿಸೆಂಬರಿನಲ್ಲಿ ಶುರುವಾದ ರೇಡಿಯೋ ಲಂಡನ್ನಿಗೆ ಬಂಡವಾಳ ಬಂದದ್ದು ಟೆಕ್ಸಾಸಿನಿಂದ. ಹಡಗು ಅಮೆರಿಕದ ನೌಕಾಪಡೆಯ ಹಳೆಯದು. ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಕ್ರೈಸ್ತ ಪ್ರಚಾರಕರು ಹಣ ಕೊಟ್ಟು ತಮ್ಮ ಪ್ರವಚನವನ್ನೂ ಅಲ್ಲಿಂದಲೇ ಬಿತ್ತರಿಸುತ್ತಿದ್ದರು. ಬಂಡಾಯದ ಹಾಡುಗಳ ಖರ್ಚನ್ನು ಧರ್ಮಬೋಧಕನ ಹಣವೂ ಹೊರುತ್ತಿತ್ತೆಂಬ ಈ ಸಂಗತಿಯೇ ಒಂದು ಕತೆಗೆ ಸಾಕು. ನಿರ್ದೇಶಕರು ಅದನ್ನು ಹೇಗೆ ಬಿಟ್ಟರೋ!

ರಕ್ತವನ್ನೂ ಅವರು ಬಿಟ್ಟಿದ್ದಾರೆ. ಥೇಮ್ಸ್ ನದೀಮುಖದಲ್ಲಿ ಯುದ್ಧಕಾಲದ ಕೋಟೆಯೊಂದರಿಂದ ರೇಡಿಯೋ ಸಿಟಿ ನಡೆಸುತ್ತಿದ್ದ ರೆಜ್ ಕ್ಯಾಲ್ವರ್ಟ್‌ನನ್ನು 1966ರ ಜೂನ್ 21ರಂದು ವ್ಯವಹಾರದ ಎದುರಾಳಿ ಆಲಿವರ್ ಸ್ಮೆಡ್ಲಿ ತನ್ನ ಮನೆಯಲ್ಲೇ ಗುಂಡಿಟ್ಟು ಕೊಂದ. ಆತ್ಮರಕ್ಷಣೆ ಎಂದು ನ್ಯಾಯಾಲಯ ಅವನನ್ನು ಬಿಟ್ಟಿತು. ಇದಾದ ಮೇಲೆ ಸರ್ಕಾರ ಸುಮ್ಮನಿರುವಂತಿರಲಿಲ್ಲ. ಚಿತ್ರದ ಮಂತ್ರಿಯೋ ಹಾಡೆಂದರೆ ಉರಿದುಬೀಳುವ ಮಡಿವಂತ. 1964ರಿಂದ 66ರವರೆಗೆ ಈ ಖಾತೆಯಲ್ಲಿದ್ದು ಕಡಲ ನಿಲಯಗಳನ್ನು ವಿರೋಧಿಸಿದವರು ಲೇಬರ್ ಪಕ್ಷದ ಎಡಪಂಥೀಯ ಟೋನಿ ಬೆನ್. ತರಂಗಾಂತರದ ಕಳವು, ಹಕ್ಕಿನ ಹಣ ಕಟ್ಟದಿರುವುದು ಸರ್ಕಾರದ ದೂರುಗಳಾಗಿದ್ದವು. ಅವುಗಳಿಗೆ ಉತ್ತರ ಕೊಡುವುದಕ್ಕಿಂತ ಮಡಿವಂತನನ್ನು ಗೇಲಿ ಮಾಡುವುದು ಸುಲಭ. ಇನ್ನು ಹಡಗಿನ ಏಕೈಕ ಮಹಿಳಾ ಸಿಬ್ಬಂದಿ ಅಡುಗೆಯವಳು. ಉಳಿದ ಹೆಣ್ಣುಗಳು ದೋಣಿಯಲ್ಲಿ ಬಂದು ಹೋಗುವವರು. ಅರವತ್ತರ ಸ್ವಾತಂತ್ರ್ಯ ಎಂದು ಹಾಡಿ ಹೊಗಳುವುದು ಇದನ್ನೇ?

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲಾರೆ. ಜಾನ್ ಪೀಲ್ 1967ರಲ್ಲಿ ರೇಡಿಯೋ ಲಂಡನ್ನಿನಿಂದ ಮಧ್ಯರಾತ್ರಿಯ ನಂತರ ನಡೆಸಿದ ‘ದಿ ಪರ್ಫ್ಯೂಮ್ಡ್ ಗಾರ್ಡನ್’ ನಿಜಕ್ಕೂ ಹೊಸದು. ಜನಪ್ರಿಯ ನಲವತ್ತು ಹಾಡುಗಳ ಪಟ್ಟಿಯನ್ನು ಬದಿಗಿಟ್ಟು ಆತ ತನಗೆ ಇಷ್ಟವಾದದ್ದನ್ನು ಹಾಕಿದ, ಕೇಳುಗರ ಕಾಗದಗಳನ್ನು ಓದಿದ. ಮಾಲೀಕರು ಮಲಗಿದ ಹೊತ್ತಿನಲ್ಲಿ ಮಾತ್ರ ಅದು ಸಾಧ್ಯವಾಯಿತು. ಆಗಸ್ಟ್ 14ರ ನಡುರಾತ್ರಿ ಕಾನೂನು ಜಾರಿಗೆ ಬಂತು. ಸೆಪ್ಟೆಂಬರ್ 30ಕ್ಕೆ ಬಿಬಿಸಿ ರೇಡಿಯೋ 1 ಶುರುವಾಯಿತು. ಅದರ ಮೊದಲ ದನಿ ಹಡಗಿನಿಂದ ಇಳಿದು ಬಂದ ಟೋನಿ ಬ್ಲ್ಯಾಕ್‌ಬರ್ನ್‌ನದು. ಪೀಲ್ ಕೂಡ ಅಲ್ಲಿಗೇ ಬಂದ. ಸಿಲೋನಿಗೆ ಸೋತ ಮೇಲೆ 1957ರಲ್ಲಿ ನಮ್ಮಲ್ಲಿ ವಿವಿಧ ಭಾರತಿ ಹುಟ್ಟಿದ ಹಾಗೆ.

ಈ ಹಳಹಳಿಕೆಯಲ್ಲಿ ನನಗೆ ಹೆಚ್ಚು ಕಾಡುವುದು ಬೇರೆಯದೇ. ಅದೇ ವರ್ಷಗಳಲ್ಲಿ ಬ್ರಾಡ್‌ಫರ್ಡಿನ ಗಿರಣಿಗಳಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಪಾಕಿಸ್ತಾನಿ ಕೂಲಿಗಳಿದ್ದರು, ಪಂಜಾಬಿಗಳಿದ್ದರು. ಚಿತ್ರದಲ್ಲಿ ರೇಡಿಯೋಗೆ ಕಿವಿಹಚ್ಚಿದ ದಾದಿಯರು, ಶಾಲಾ ಹುಡುಗಿಯರು, ಅಂಗಡಿಯವರು ಎಲ್ಲರೂ ಬಂದು ಹೋಗುತ್ತಾರೆ. ಇವರ ಬದುಕಿನ ಸುಳಿವಿಲ್ಲ. ಇವರ ಭಾಷೆಗೆ ಬಾಗಿಲು ತೆರೆದದ್ದು ಯಾವುದು ಗೊತ್ತೇ? ಎಲ್ಲರ ಗೇಲಿಗೆ ಗುರಿಯಾದ ಆ ಮುದಿ ಬಿಬಿಸಿ. 1965ರ ಅಕ್ಟೋಬರಿನಿಂದ ಭಾನುವಾರ ಬೆಳಿಗ್ಗೆ ‘ಅಪ್ನಾ ಹೀ ಘರ್ ಸಮಝಿಯೇ’ ಎಂಬ ಕಾರ್ಯಕ್ರಮ, ಹಿಂದಿಯವರಿಗೂ ಉರ್ದುವಿನವರಿಗೂ ತಿಳಿಯುವ ಹಿಂದೂಸ್ತಾನಿಯಲ್ಲಿ. ಅದರಲ್ಲಿ ಮೇಷ್ಟರ ಧಾಟಿಯಿತ್ತು. ಇಂಗ್ಲಿಷ್ ಕಲಿಸುವುದು, ಹೊಸ ನಾಡಿನ ರೀತಿನೀತಿ ತಿಳಿಸುವುದು ಅದರ ಕೆಲಸ. ಆದರೂ ಪರದೇಶದ ಚಳಿಯಲ್ಲಿ ಒಂದು ಆದಾಬ್ ಕೇಳಿಸುತ್ತಿತ್ತಲ್ಲ. ಜಾಹೀರಾತು ಕೊಡುವವರಿಗೆ ಈ ಕೂಲಿಗಳು ಗಿರಾಕಿಗಳಾಗಿ ಕಂಡಿರಲಾರರು.

ಕ್ಯಾರೊಲಿನ್ ಇಂದೂ ಬದುಕಿದೆ. 2017ರಲ್ಲಿ ಅದಕ್ಕೆ ಸರ್ಕಾರಿ ಪರವಾನಗಿಯೂ ಸಿಕ್ಕಿತು. ಕೊಟ್ಟ ತರಂಗಾಂತರ 648 ಕಿಲೋಹರ್ಟ್ಸ್, ಬಿಬಿಸಿಯ ವರ್ಲ್ಡ್ ಸರ್ವಿಸ್ 2011ರಲ್ಲಿ ಬಿಟ್ಟುಹೋದದ್ದು.